ಒಡಕಿನಲ್ಲಿ ಹುಟ್ಟಿ, ಮುಷ್ಕರದಿಂದ ಉಳಿದ ಜಪಾನ್ ಸರಣಿ

2013ರ ನವೆಂಬರ್ 3ರ ರಾತ್ರಿ. ಜಪಾನಿನ ಈಶಾನ್ಯ ಭಾಗದ ಸೆಂಡೈ ನಗರದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಮಳೆ ಹನಿಯುತ್ತಿತ್ತು. ಆತಿಥೇಯ ರಾಕುಟೆನ್ ಈಗಲ್ಸ್ ತಂಡ ಟೋಕಿಯೊದ ಯೋಮಿಯುರಿ ಜೈಂಟ್ಸ್ ವಿರುದ್ಧ 3-0 ಮುನ್ನಡೆಯಲ್ಲಿತ್ತು. ಒಂಬತ್ತನೆಯ ಹಾಗೂ ಕೊನೆಯ ಇನಿಂಗ್ಸ್‌ಗೆ ಚೆಂಡು ಹಿಡಿದು ಮೈದಾನಕ್ಕಿಳಿದವರು ಮಸಾಹಿರೊ ತನಾಕ. ಹಿಂದಿನ ರಾತ್ರಿಯಷ್ಟೇ ಅದೇ ಮೈದಾನದಲ್ಲಿ ಅವರು 160 ಎಸೆತಗಳನ್ನು ಎಸೆದು, ಆ ವರ್ಷದ ತಮ್ಮ ಏಕೈಕ ಸೋಲನ್ನು ಅನುಭವಿಸಿದ್ದರು. ಜಪಾನಿನಲ್ಲಿ ಮುಖ್ಯ ಪಿಚರ್ ಒಬ್ಬ ಸಾಮಾನ್ಯವಾಗಿ ವಾರಕ್ಕೆ ಒಂದೇ ಪಂದ್ಯದಲ್ಲಿ ಚೆಂಡೆಸೆಯುವುದು ವಾಡಿಕೆ. ಆದರೆ ಅಂದು ಪ್ರೇಕ್ಷಕರು ಎದ್ದು ನಿಂತು, ಹಾಡಿ ಅವರನ್ನು ಬರಮಾಡಿಕೊಂಡರು. ಕೊನೆಯ ಬ್ಯಾಟರ್ ಬೀಸಿದ ಬ್ಯಾಟಿಗೆ ಚೆಂಡು ಸಿಗಲಿಲ್ಲ. ಸೆಂಡೈ ತಂಡ ಮೊದಲ ಬಾರಿಗೆ ಜಪಾನಿನ ಚಾಂಪಿಯನ್ ಆಯಿತು.

ಎರಡೂವರೆ ವರ್ಷಗಳ ಹಿಂದೆ ಇದೇ ಪ್ರದೇಶವನ್ನು ಭೂಕಂಪ ಮತ್ತು ಸುನಾಮಿ ನೆಲಕಚ್ಚಿಸಿದ್ದವು. ಆದ್ದರಿಂದ ಆ ರಾತ್ರಿಯ ಸಂಭ್ರಮದ ಅರ್ಥ ಎಲ್ಲರಿಗೂ ತಿಳಿಯುವಂಥದ್ದು. ಆದರೆ ಅದರ ಹಿಂದೆ ಇನ್ನೊಂದು ಕಥೆಯೂ ಇದೆ. 2004ರ ಬೇಸಿಗೆಯಲ್ಲಿ ತಂಡಗಳ ಮಾಲೀಕರು ಅಂದುಕೊಂಡದ್ದು ನಡೆದಿದ್ದರೆ ಸೆಂಡೈಗೆ ತಂಡವೇ ಇರುತ್ತಿರಲಿಲ್ಲ. 'ಜಪಾನ್ ಸರಣಿ' ಎಂಬ ಸ್ಪರ್ಧೆಯೂ ಬಹುಶಃ ಉಳಿಯುತ್ತಿರಲಿಲ್ಲ.

ಏನಿದು ಜಪಾನ್ ಸರಣಿ?

ಜಪಾನಿನ ವೃತ್ತಿಪರ ಬೇಸ್‌ಬಾಲ್‌ನಲ್ಲಿ 12 ತಂಡಗಳಿವೆ. ಇವು ಸೆಂಟ್ರಲ್ ಲೀಗ್ ಮತ್ತು ಪೆಸಿಫಿಕ್ ಲೀಗ್ ಎಂಬ ಎರಡು ಬಣಗಳಲ್ಲಿ ತಲಾ ಆರರಂತೆ ಹಂಚಿಹೋಗಿವೆ. ವಸಂತದಿಂದ ಶರತ್ಕಾಲದವರೆಗೆ ಪ್ರತಿ ಲೀಗ್ ತನ್ನ ಪಂದ್ಯಗಳನ್ನು ಆಡಿ ಮುಗಿಸಿದ ಬಳಿಕ, ಎರಡೂ ಲೀಗ್‌ಗಳ ಪ್ರತಿನಿಧಿಗಳು ಅಕ್ಟೋಬರ್ ಕೊನೆಯ ಹೊತ್ತಿಗೆ ಮುಖಾಮುಖಿಯಾಗುತ್ತವೆ. ಏಳು ಪಂದ್ಯಗಳ ಈ ಸರಣಿಯಲ್ಲಿ ಮೊದಲು ನಾಲ್ಕು ಗೆದ್ದ ತಂಡವೇ 'ನಿಪ್ಪೊನ್ ಇಚಿ', ಅಂದರೆ ಜಪಾನಿನ ಅಗ್ರ ತಂಡ.

ಕ್ರಿಕೆಟ್ ಬಲ್ಲವರಿಗೆ ಆಟದ ತಿರುಳು ಕಠಿಣವೇನಲ್ಲ. ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲಿ ಎರಡೂ ತಂಡಗಳು ಸರದಿಯಂತೆ ಬ್ಯಾಟ್ ಮಾಡುತ್ತವೆ. ಮೂವರು ಔಟಾದರೆ ಸರದಿ ಮುಗಿಯಿತು. ಬ್ಯಾಟರ್ ಮೂರು ಬೇಸ್‌ಗಳನ್ನು ಸುತ್ತಿ, ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ಚೆಂಡನ್ನು ಬೇಲಿಯಾಚೆಗೆ ಅಟ್ಟಿದರೆ ಹೋಮ್‌ರನ್; ಆಗ ಬೇಸ್‌ಗಳಲ್ಲಿ ನಿಂತವರೆಲ್ಲರೂ ರನ್ ಗಳಿಸುತ್ತಾರೆ. ರನ್ನುಗಳು ಬಹಳ ಕಡಿಮೆ ಬರುವ ಆಟವಿದು. ಹೀಗಾಗಿ ಒಬ್ಬ ಪಿಚರ್‌ನ ತೋಳಿನ ಮೇಲೆಯೇ ಇಡೀ ಸರಣಿ ನಿಂತುಬಿಡುವುದುಂಟು.

ಪಂದ್ಯಗಳು 2-3-2ರ ಕ್ರಮದಲ್ಲಿ ನಡೆಯುತ್ತವೆ. ಮೊದಲ ಎರಡು ಮತ್ತು ಕೊನೆಯ ಎರಡು ಒಂದು ತಂಡದ ಮೈದಾನದಲ್ಲಿ, ನಡುವಿನ ಮೂರು ಎದುರಾಳಿಯ ಮೈದಾನದಲ್ಲಿ. ಮೊದಲು ಆತಿಥ್ಯ ವಹಿಸುವ ಹಕ್ಕು ಲೀಗ್‌ಗಳ ನಡುವೆ ವರ್ಷ ಬಿಟ್ಟು ವರ್ಷ ಬದಲಾಗುತ್ತದೆ. ಅಮೆರಿಕದಲ್ಲಿಲ್ಲದ 'ಡ್ರಾ' ಇಲ್ಲಿದೆ. 1986ರಲ್ಲಿ ಮೊದಲ ಪಂದ್ಯವೇ ಸಮನಾದ ಕಾರಣ ಸೇಬು ಲಯನ್ಸ್ ಮತ್ತು ಹಿರೋಶಿಮಾ ಕಾರ್ಪ್ ಎಂಟು ಪಂದ್ಯಗಳನ್ನು ಆಡಬೇಕಾಯಿತು. ಮೊದಲ ಮೂರು ಗೆಲುವು ಹಿರೋಶಿಮಾದ್ದು. ಮುಂದಿನ ನಾಲ್ಕೂ, ಪ್ರಶಸ್ತಿಯೂ ಸೇಬು ಪಾಲಾದವು.

ಪತ್ರಿಕೆಗಳ ಪೈಪೋಟಿ

ಜಪಾನಿಗೆ ಬೇಸ್‌ಬಾಲ್ ಬಂದದ್ದು 1872ರಲ್ಲಿ, ಟೋಕಿಯೊದಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕನ್ ಶಿಕ್ಷಕರಿಂದ. ಶಾಲೆ-ಕಾಲೇಜುಗಳ ಆಟವಾಗಿ ಬೆಳೆದ ಅದನ್ನು ವೃತ್ತಿಪರ ಕ್ರೀಡೆಯಾಗಿಸಿದ್ದು ಮಾತ್ರ ಒಂದು ದಿನಪತ್ರಿಕೆ. 'ಯೋಮಿಯುರಿ' ಪತ್ರಿಕೆಯ ಒಡೆಯ ಮತ್ಸುತಾರೊ ಶೋರಿಕಿ 1934ರಲ್ಲಿ ಬೇಬ್ ರೂತ್, ಲೂ ಗೆರಿಗ್ ಮೊದಲಾದ ಅಮೆರಿಕದ ದಿಗ್ಗಜರನ್ನು ಕರೆಸಿ ಪಂದ್ಯಗಳನ್ನಾಡಿಸಿದರು. ಹದಿಹರೆಯದ ಐಜಿ ಸವಾಮುರ ಈ ಇಬ್ಬರನ್ನೂ ಸೇರಿದಂತೆ ನಾಲ್ವರು ಅಮೆರಿಕನ್ನರನ್ನು ಸಾಲಾಗಿ ಸ್ಟ್ರೈಕ್‌ಔಟ್ ಮಾಡಿದ್ದು ಆಗಲೇ. ಆ ಪ್ರವಾಸಕ್ಕೆ ಕಟ್ಟಿದ ತಂಡವೇ ಮುಂದೆ ಯೋಮಿಯುರಿ ಜೈಂಟ್ಸ್ ಆಯಿತು. 1936ರಲ್ಲಿ ಲೀಗ್ ಆರಂಭವಾಯಿತು. ಸವಾಮುರ 1944ರಲ್ಲಿ ಯುದ್ಧದಲ್ಲಿ ಮಡಿದರು. ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಪ್ರಶಸ್ತಿ ಇಂದಿಗೂ ಅವರ ಹೆಸರಿನಲ್ಲಿದೆ.

ಯುದ್ಧಾನಂತರ ಆಟದ ಜನಪ್ರಿಯತೆ ಕಂಡು ಇನ್ನೊಂದು ದೊಡ್ಡ ಪತ್ರಿಕೆಯಾದ 'ಮೈನಿಚಿ' ತನಗೂ ತಂಡ ಬೇಕೆಂದಿತು. ಯೋಮಿಯುರಿ ಒಪ್ಪಲಿಲ್ಲ. ಪ್ರತಿಸ್ಪರ್ಧಿ ಪತ್ರಿಕೆಗೆ ತನ್ನ ಅಂಗಳದಲ್ಲೇ ಮಣೆ ಹಾಕಲು ಯಾರು ತಾನೆ ಒಪ್ಪಿಯಾರು? ಮೊದಲು ಮೈನಿಚಿ ಪರವಿದ್ದ ಹನ್ಶಿನ್ ಕೊನೆಯ ಗಳಿಗೆಯಲ್ಲಿ ಯೋಮಿಯುರಿ ಪಾಳಯಕ್ಕೆ ಜಿಗಿಯಿತು. 1949ರ ಕೊನೆಯಲ್ಲಿ ಲೀಗ್ ಇಬ್ಭಾಗವಾಯಿತು. ಯೋಮಿಯುರಿ ಸುತ್ತ ಸೆಂಟ್ರಲ್, ಮೈನಿಚಿ ಸುತ್ತ ಪೆಸಿಫಿಕ್.

ಒಡೆದವರು ವರ್ಷಕ್ಕೊಮ್ಮೆಯಾದರೂ ಎದುರುಬದುರಾಗಲೇಬೇಕಲ್ಲವೆ? ಹಾಗೆ 1950ರಲ್ಲಿ ಮೊದಲ ಸರಣಿ ನಡೆಯಿತು. ಮೈನಿಚಿ ಓರಿಯನ್ಸ್ 4-2ರಿಂದ ಶೋಚಿಕು ರಾಬಿನ್ಸ್ ತಂಡವನ್ನು ಸೋಲಿಸಿತು. ಮೊದಲ ಪಂದ್ಯವನ್ನು ಗೆದ್ದುಕೊಟ್ಟವರು 42 ವರ್ಷದ ಪಿಚರ್ ತದಾಶಿ ವಾಕಾಬಯಾಶಿ. ಅವರು ಹಿಂದಿನ ವರ್ಷದವರೆಗೂ ಹನ್ಶಿನ್ ತಂಡದಲ್ಲಿದ್ದವರು ಎಂಬುದು ಗಮನಾರ್ಹ. ಆರಂಭದಲ್ಲಿ 'ನಿಪ್ಪೊನ್ ವರ್ಲ್ಡ್ ಸೀರೀಸ್' ಎನಿಸಿಕೊಂಡಿದ್ದ ಸ್ಪರ್ಧೆಗೆ 1954ರಲ್ಲಿ ಈಗಿನ ಹೆಸರು ಬಂತು.

ಕಂಪನಿಯ ಹೆಸರು, ಊರಿನ ಅಭಿಮಾನ

ಜಪಾನಿನಲ್ಲಿ ತಂಡದ ಹೆಸರಿನಲ್ಲಿ ಊರಿಗಿಂತ ಕಂಪನಿಗೇ ಪ್ರಾಶಸ್ತ್ಯ. ಜೈಂಟ್ಸ್ ಮತ್ತು ನಗೋಯಾದ ಚೂನಿಚಿ ಡ್ರ್ಯಾಗನ್ಸ್ ಪತ್ರಿಕೆಗಳ ತಂಡಗಳು. ಹನ್ಶಿನ್, ಸೇಬು ರೈಲು ಕಂಪನಿಗಳು. ಹಿಂದೆ ಹನ್‌ಕ್ಯೂ, ನನ್‌ಕೈ, ಕಿಂತೆತ್ಸು, ನಿಶಿತೆತ್ಸು ಕೂಡ ಅವೇ. ತಮ್ಮ ರೈಲು ಮಾರ್ಗದ ಪಕ್ಕದಲ್ಲೇ ಕ್ರೀಡಾಂಗಣ ಕಟ್ಟಿದರೆ ಟಿಕೆಟ್ ಎರಡು ಬಗೆಯಲ್ಲಿ ಮಾರಾಟವಾಗುತ್ತದೆ ಎಂಬುದು ಸರಳ ಲೆಕ್ಕ. ತಂಡದ ನಷ್ಟವನ್ನು ಮಾತೃಸಂಸ್ಥೆ ಜಾಹೀರಾತು ವೆಚ್ಚವೆಂದು ತೋರಿಸಬಹುದು ಎಂದು 1954ರಲ್ಲಿ ತೆರಿಗೆ ಇಲಾಖೆಯೂ ಅವಕಾಶ ಕೊಟ್ಟಿತು. ಅಂದಿನಿಂದ ತಂಡ ಲಾಭ ಮಾಡಲೇಬೇಕೆಂಬ ಒತ್ತಡ ಉಳಿಯಲಿಲ್ಲ. ಮಾತೃಸಂಸ್ಥೆಯ ಕೈ ಬರಿದಾದಾಗ ಮಾತ್ರ ತಂಡವೂ ಬೀದಿಗೆ ಬೀಳುವಂತಾಯಿತು.

ಮಾಲೀಕರು ಯಾರೇ ಇರಲಿ, ಜನ ತಂಡವನ್ನು ತಮ್ಮದೆಂದೇ ಭಾವಿಸಿದರು. ಅಣುಬಾಂಬಿಗೆ ತುತ್ತಾದ ಹಿರೋಶಿಮಾದಲ್ಲಿ ಕಾರ್ಪ್ ತಂಡ ದಿವಾಳಿಯ ಅಂಚಿಗೆ ಬಂದಾಗ ನಾಗರಿಕರು ಮೈದಾನದ ಮುಂದೆ ಪೀಪಾಯಿಗಳನ್ನಿಟ್ಟು ಚಂದಾ ಎತ್ತಿದರು. ಅದೇ ತಂಡ 1979ರಲ್ಲಿ ಮೊದಲ ಬಾರಿಗೆ ಜಪಾನ್ ಸರಣಿ ಗೆದ್ದಿತು. ಒಸಾಕಾದಲ್ಲಿ 1985ರಲ್ಲಿ ಹನ್ಶಿನ್ ಟೈಗರ್ಸ್ ಲೀಗ್ ಪಟ್ಟ ಗೆದ್ದಾಗ ಅಭಿಮಾನಿಗಳು ತಂಡದ ಅಮೆರಿಕನ್ ಆಟಗಾರ ರ‍್ಯಾಂಡಿ ಬಾಸ್‌ಗೆ ಹೋಲುತ್ತದೆಂದು ಕೆಎಫ್‌ಸಿ ಅಂಗಡಿಯೊಂದರ ಮುಂದಿದ್ದ ಕರ್ನಲ್ ಸ್ಯಾಂಡರ್ಸ್ ಪ್ರತಿಮೆಯನ್ನು ದೋತೊನ್‌ಬೊರಿ ಕಾಲುವೆಗೆ ಎಸೆದರು. ಆ ವರ್ಷ ಹನ್ಶಿನ್ ಜಪಾನ್ ಸರಣಿಯನ್ನೂ ಗೆದ್ದಿತು. ನಂತರ 38 ವರ್ಷ ಗೆಲುವೇ ಇಲ್ಲ. ಕರ್ನಲ್ ಶಾಪವೆಂದೇ ಮಾತಾಯಿತು. 2009ರಲ್ಲಿ ಪ್ರತಿಮೆಯನ್ನು ಕೆಸರಿನಿಂದ ಮೇಲೆತ್ತಲಾಯಿತಾದರೂ ಗೆಲುವು ಬರಲು 2023ರವರೆಗೆ ಕಾಯಬೇಕಾಯಿತು. ಆ ವರ್ಷದ ಮ್ಯಾನೇಜರ್ ಅಕಿನೊಬು ಒಕಾಡ 1985ರ ತಂಡದಲ್ಲಿ ಆಡಿದ್ದವರು. ಆಟಗಾರರ ಮೇಲೆ ಒತ್ತಡ ಬೀಳದಿರಲೆಂದು ಅವರು 'ಪ್ರಶಸ್ತಿ' ಎಂಬ ಶಬ್ದವನ್ನೇ ಉಚ್ಚರಿಸದೆ ಬರೀ 'ಅದು' ಎನ್ನುತ್ತಿದ್ದರು. 'ಅದು' ಎಂಬ ಆ ಪದವೇ ಜಪಾನಿನಲ್ಲಿ ವರ್ಷದ ಜನಪ್ರಿಯ ನುಡಿಯೆಂದು ಆಯ್ಕೆಯಾಯಿತು.

ದೇವರು, ಬುದ್ಧ, ಇನಾವೊ

ಸೆಂಟ್ರಲ್ ಮತ್ತು ಪೆಸಿಫಿಕ್‌ಗಳ ಪೈಪೋಟಿಗೆ ನಿಜವಾದ ಕಾವು ಕೊಟ್ಟಿದ್ದು 1958ರ ಸರಣಿ. ದಕ್ಷಿಣದ ಕ್ಯೂಶು ದ್ವೀಪದ ನಿಶಿತೆತ್ಸು ಲಯನ್ಸ್ ತಂಡಕ್ಕೆ ಒಸಾಮು ಮಿಹಾರ ಮ್ಯಾನೇಜರ್. ಸೈಬೀರಿಯಾದ ಸೆರೆಯಿಂದ ಮರಳಿದ ಶಿಗೆರು ಮಿಜುಹಾರ ಅವರಿಗಾಗಿ ಜೈಂಟ್ಸ್ ಮ್ಯಾನೇಜರ್ ಸ್ಥಾನ ತೆರವು ಮಾಡಬೇಕಾಗಿ ಬಂದು, ಕ್ಯೂಶುವಿಗೆ ಹೋಗಿ ತಂಡ ಕಟ್ಟಿದವರು ಅವರು. ಎದುರಾಳಿ ಜೈಂಟ್ಸ್‌ಗೆ ಅದೇ ಮಿಜುಹಾರ ಮ್ಯಾನೇಜರ್.

ಮೊದಲ ಮೂರು ಪಂದ್ಯಗಳನ್ನು ಜೈಂಟ್ಸ್ ಗೆದ್ದಿತು. ಅಲ್ಲಿಂದ 21 ವರ್ಷದ ಪಿಚರ್ ಕಜುಹಿಸಾ ಇನಾವೊ ಪಂದ್ಯದ ಮೇಲೆ ಪಂದ್ಯ ಚೆಂಡೆಸೆದರು. ಐದನೇ ಪಂದ್ಯದಲ್ಲಿ ತಾವೇ ಹೋಮ್‌ರನ್ ಹೊಡೆದು ಗೆಲ್ಲಿಸಿದರು. ಏಳರಲ್ಲಿ ಆರು ಪಂದ್ಯಗಳಲ್ಲಿ ಕಣಕ್ಕಿಳಿದು, ಉಳಿದ ನಾಲ್ಕೂ ಗೆಲುವುಗಳನ್ನು ತಮ್ಮ ಹೆಸರಿಗೆ ಬರೆದುಕೊಂಡರು. 'ದೇವರೇ, ಬುದ್ಧನೇ, ಇನಾವೊ ಸ್ವಾಮಿಯೇ' ಎಂಬುದು ಅಂದಿನ ಉದ್ಗಾರ. ರಾಜಧಾನಿಯಿಂದ ಬಲು ದೂರದ, ಕಲ್ಲಿದ್ದಲು ಗಣಿಗಳ ಸೀಮೆಯ ಜನರಿಗೆ ಅದು ಬರೀ ಆಟದ ಗೆಲುವಾಗಿರಲಿಲ್ಲ.

ಒಂಬತ್ತು ವರ್ಷಗಳ ಏಕಚಕ್ರಾಧಿಪತ್ಯ

ಆದರೆ ಮುಂದಿನ ದಶಕ ಜೈಂಟ್ಸ್‌ನದ್ದಾಯಿತು. ತೆತ್ಸುಹಾರು ಕವಾಕಾಮಿ ಮ್ಯಾನೇಜರ್, ಶಿಗೆಯೊ ನಗಾಶಿಮಾ ಹಾಗೂ ಸದಾಹಾರು ಓ ಆಧಾರಸ್ತಂಭಗಳು. ವೃತ್ತಿಜೀವನದಲ್ಲಿ 868 ಹೋಮ್‌ರನ್ ಹೊಡೆದ ಓ ಅವರ ದಾಖಲೆ ಜಪಾನಿನಲ್ಲಿ ಇನ್ನೂ ಅಳಿದಿಲ್ಲ. 1965ರಿಂದ 1973ರವರೆಗೆ ಸತತ ಒಂಬತ್ತು ವರ್ಷ ಜೈಂಟ್ಸ್ ಜಪಾನ್ ಸರಣಿ ಗೆದ್ದಿತು. ಮನೆಮನೆಗೆ ದೂರದರ್ಶನ ಬರುತ್ತಿದ್ದ ಕಾಲವದು. ಪತ್ರಿಕೆಯ ಜೊತೆಗೆ ಟಿವಿ ವಾಹಿನಿಯೂ ಇದ್ದ ಯೋಮಿಯುರಿ ತನ್ನ ತಂಡವನ್ನು ದೇಶದ ತಂಡವಾಗಿಸಿತು.

ಇದರ ಬೆಲೆ ತೆತ್ತಿದ್ದು ಪೆಸಿಫಿಕ್ ಲೀಗ್. ಈ ಒಂಬತ್ತು ವರ್ಷಗಳಲ್ಲಿ ಐದು ಬಾರಿ ಸೋತ ಹನ್‌ಕ್ಯೂ ಬ್ರೇವ್ಸ್ ಬಳಿಕ 1975ರಿಂದ ಸತತ ಮೂರು ವರ್ಷ ಚಾಂಪಿಯನ್ ಆದರೂ ಖಾಲಿ ಆಸನಗಳು ತುಂಬಲಿಲ್ಲ. 'ಜನಪ್ರಿಯತೆ ಸೆಂಟ್ರಲ್‌ದು, ಸಾಮರ್ಥ್ಯ ಪೆಸಿಫಿಕ್‌ನದು' ಎಂಬ ನುಡಿಯೇ ಹುಟ್ಟಿಕೊಂಡಿತು. ಸೆಂಟ್ರಲ್ ತಂಡಗಳಿಗೆ ಜೈಂಟ್ಸ್ ಜೊತೆಗಿನ ಪಂದ್ಯಗಳ ಪ್ರಸಾರದಿಂದ ಹಣ ಬರುತ್ತಿತ್ತು. ಪೆಸಿಫಿಕ್ ತಂಡಗಳಿಗೆ ಜೈಂಟ್ಸ್ ಎದುರಾಗುತ್ತಿದ್ದುದು ಜಪಾನ್ ಸರಣಿಯಲ್ಲಿ ಮಾತ್ರ. ಅದೂ ಗೆದ್ದು ಬಂದ ಒಂದು ತಂಡಕ್ಕೆ. 1988ರಲ್ಲಿ ಹನ್‌ಕ್ಯೂ, ನನ್‌ಕೈ ಎರಡೂ ರೈಲು ಕಂಪನಿಗಳು ತಮ್ಮ ತಂಡಗಳನ್ನು ಮಾರಿದವು.

2004: ಎರಡು ದಿನದ ಮುಷ್ಕರ

2004ರ ಜೂನ್‌ನಲ್ಲಿ ಕಿಂತೆತ್ಸು ರೈಲು ಕಂಪನಿಯೂ ಕೈಚೆಲ್ಲಿತು. ವರ್ಷಕ್ಕೆ ಸುಮಾರು 400 ಕೋಟಿ ಯೆನ್ ನಷ್ಟ ತರುತ್ತಿದ್ದ ತನ್ನ ಬಫಲೋಸ್ ತಂಡವನ್ನು ಓರಿಕ್ಸ್ ತಂಡದೊಡನೆ ವಿಲೀನಗೊಳಿಸುವುದಾಗಿ ಪ್ರಕಟಿಸಿತು. ಮತ್ತೊಂದು ವಿಲೀನದ ಮಾತೂ ಮಾಲೀಕರ ಸಭೆಯಲ್ಲಿ ಬಂತು. ತಂಡಗಳು ಹತ್ತಕ್ಕಿಳಿದರೆ ಎರಡು ಲೀಗ್ ಬೇಕಿಲ್ಲ, ಒಂದೇ ಸಾಕು ಎಂಬುದು ಯೋಮಿಯುರಿ ಸೇರಿದಂತೆ ಪ್ರಬಲ ಮಾಲೀಕರ ಲೆಕ್ಕಾಚಾರವಾಗಿತ್ತು. ಲೀಗ್ ಒಂದೇ ಆದರೆ ಎರಡು ಲೀಗ್‌ಗಳ ಚಾಂಪಿಯನ್ನರ ಸರಣಿ ಎಲ್ಲಿಂದ ಬರಬೇಕು? 1950ರಿಂದ ನಡೆದುಬಂದ ಪರಂಪರೆಯೇ ಕೊನೆಗಾಣುವ ಸ್ಥಿತಿ ಎದುರಾಯಿತು.

ಆಟಗಾರರ ಸಂಘದ ಅಧ್ಯಕ್ಷ, ಯಾಕುಲ್ಟ್ ತಂಡದ ಕ್ಯಾಚರ್ ಅತ್ಸುಯಾ ಫುರುತ ಮಾಲೀಕರೊಡನೆ ಮಾತುಕತೆ ಬಯಸಿದರು. ಆಟಗಾರರು ತಮ್ಮ ಮಿತಿ ಅರಿತಿರಬೇಕು, ಅವರು ಬರೀ ಆಟಗಾರರಷ್ಟೇ ಎಂಬರ್ಥದ ಮಾತು ಜೈಂಟ್ಸ್ ಮಾಲೀಕ ತ್ಸುನೆಯೊ ವತನಾಬೆ ಅವರಿಂದ ಬಂತು. ಈ ಒಂದು ಮಾತು ಜನಾಭಿಪ್ರಾಯವನ್ನು ಆಟಗಾರರ ಕಡೆಗೆ ವಾಲಿಸಿತು.

ಸೆಪ್ಟೆಂಬರ್ 18 ಮತ್ತು 19ರಂದು ಜಪಾನಿನ ವೃತ್ತಿಪರ ಬೇಸ್‌ಬಾಲ್ ಇತಿಹಾಸದಲ್ಲೇ ಮೊದಲ ಬಾರಿಗೆ ಆಟಗಾರರು ಮುಷ್ಕರ ಹೂಡಿದರು. ವಾರಾಂತ್ಯದ ಎರಡು ದಿನಗಳ ಎಲ್ಲ ಪಂದ್ಯಗಳೂ ರದ್ದಾದವು. ಆಟಗಾರರು ಮನೆಯಲ್ಲಿ ಕೂರಲಿಲ್ಲ. ಅಭಿಮಾನಿಗಳ ನಡುವೆ ಬಂದು ಹಸ್ತಾಕ್ಷರ ಕೊಟ್ಟರು, ತಮ್ಮ ನಿಲುವನ್ನು ವಿವರಿಸಿದರು. ನಾಲ್ಕು ದಿನಗಳಲ್ಲಿ ಮಾಲೀಕರು ಮಣಿದರು. ಕಿಂತೆತ್ಸು ವಿಲೀನ ತಪ್ಪಲಿಲ್ಲ. ಆದರೆ ಹೊಸ ತಂಡಕ್ಕೆ ಬಾಗಿಲು ತೆರೆಯಿತು, ಎರಡು ಲೀಗ್‌ಗಳೂ ಉಳಿದವು. 2005ರಿಂದ ಎರಡೂ ಲೀಗ್‌ಗಳ ತಂಡಗಳು ಋತುವಿನ ನಡುವೆಯೂ ಪರಸ್ಪರ ಆಡುವ ಪದ್ಧತಿ ಜಾರಿಗೆ ಬಂತು.

ಹೀಗೆ ತೆರೆದ ಬಾಗಿಲಿನಿಂದ ಒಳಬಂದದ್ದೇ ಅಂತರ್ಜಾಲ ವ್ಯಾಪಾರದ ಕಂಪನಿ ರಾಕುಟೆನ್. ಅದು ಆರಿಸಿಕೊಂಡ ಊರು ಸೆಂಡೈ.

ಕೊನೆಯ ಸ್ಥಾನದಿಂದ ಅಗ್ರಸ್ಥಾನಕ್ಕೆ

ಇತರ ತಂಡಗಳು ಬಿಟ್ಟುಕೊಟ್ಟ ಆಟಗಾರರನ್ನು ಕಟ್ಟಿಕೊಂಡು ಹೊರಟ ರಾಕುಟೆನ್ ತನ್ನ ಎರಡನೇ ಪಂದ್ಯವನ್ನೇ 0-26ರಿಂದ ಸೋತಿತು. 2005ರಲ್ಲಿ ಗೆದ್ದದ್ದು 38, ಸೋತದ್ದು 97. ಜನ ಮಾತ್ರ ಕೈಬಿಡಲಿಲ್ಲ. ಇದೇ ಅವಧಿಯಲ್ಲಿ ಪೆಸಿಫಿಕ್ ಲೀಗ್‌ನ ಚಿತ್ರವೂ ಬದಲಾಗುತ್ತಿತ್ತು. ನನ್‌ಕೈ ತಂಡ 1989ರಲ್ಲಿ ಹೊಸ ಒಡೆತನದೊಡನೆ ಫುಕುವೊಕಾಗೆ ಹೋಗಿತ್ತು. ನಿಪ್ಪೊನ್ ಹ್ಯಾಮ್ 2004ರಲ್ಲಿ ಉತ್ತರದ ಸಪ್ಪೊರೊಗೆ ಹೋಯಿತು. ಜೈಂಟ್ಸ್ ಮತ್ತು ಹನ್ಶಿನ್‌ಗಳ ನೆರಳಿನಲ್ಲಿ ಬಾಡುತ್ತಿದ್ದ ತಂಡಗಳಿಗೆ ದೂರದ ಊರುಗಳಲ್ಲಿ ಹೊಸ ಬೇರು ಸಿಕ್ಕಿತು.

2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ. ಸತ್ತವರು, ಕಣ್ಮರೆಯಾದವರು ಸೇರಿ 18 ಸಾವಿರಕ್ಕೂ ಹೆಚ್ಚು. ಅತಿ ಹೆಚ್ಚು ಸಾವು ಕಂಡದ್ದು ಸೆಂಡೈ ಇರುವ ಮಿಯಾಗಿ ಪ್ರಾಂತದಲ್ಲೇ. ಕ್ರೀಡಾಂಗಣವೂ ಹಾನಿಗೊಳಗಾಗಿ, ತವರಿನ ಮೊದಲ ಪಂದ್ಯ ಏಪ್ರಿಲ್ 29ಕ್ಕೆ ಮುಂದೂಡಿತು. ಆಟದ ಶಕ್ತಿ ಏನೆಂದು ತೋರಿಸೋಣ ಎಂದು ಕ್ಯಾಚರ್ ಮೊತೊಹಿರೊ ಶಿಮಾ ಸಾರ್ವಜನಿಕವಾಗಿ ಮಾತು ಕೊಟ್ಟರು. ಆ ವರ್ಷ, ಮರುವರ್ಷ ಅದು ಕೈಗೂಡಲಿಲ್ಲ. 2013ರಲ್ಲಿ ತನಾಕ ಲೀಗ್ ಪಂದ್ಯಗಳಲ್ಲಿ ಒಂದೂ ಸೋಲಿಲ್ಲದೆ 24 ಗೆದ್ದರು. ಜಪಾನ್ ಸರಣಿಯಲ್ಲಿ ಮೂರು ಬಾರಿ ಬೇರೆ ತಂಡಗಳೊಡನೆ ಸೋತಿದ್ದ ಮ್ಯಾನೇಜರ್ ಸೆನಿಚಿ ಹೊಶಿನೊ ಕೊನೆಗೂ ಗೆದ್ದರು. ಎದುರಾಳಿ, ಒಂಬತ್ತು ವರ್ಷದ ಹಿಂದೆ ಒಂದೇ ಲೀಗ್ ಸಾಕೆಂದಿದ್ದ ಜೈಂಟ್ಸ್.

ಸರಣಿಯ ಮುಂದಿನ ಪ್ರಶ್ನೆಗಳು

2013ರಿಂದ 2020ರವರೆಗೆ ಎಂಟು ವರ್ಷವೂ ಪೆಸಿಫಿಕ್ ತಂಡಗಳೇ ಗೆದ್ದವು. 2019 ಮತ್ತು 2020ರಲ್ಲಿ ಫುಕುವೊಕಾದ ಸಾಫ್ಟ್‌ಬ್ಯಾಂಕ್ ಹಾಕ್ಸ್ ಜೈಂಟ್ಸ್ ತಂಡವನ್ನು ಎರಡೂ ಬಾರಿ 4-0ಯಿಂದ ಗುಡಿಸಿಹಾಕಿತು. 22 ಪ್ರಶಸ್ತಿಗಳೊಡನೆ ಜೈಂಟ್ಸ್ ಈಗಲೂ ಪಟ್ಟಿಯ ಮೇಲಿದ್ದರೂ ಅದರ ಕೊನೆಯ ಗೆಲುವು 2012ರದ್ದು. ಪೆಸಿಫಿಕ್ 1975ರಲ್ಲೇ ಪಿಚರ್ ಬದಲು ಬೇರೊಬ್ಬ ಬ್ಯಾಟ್ ಮಾಡುವ ನಿಯಮ ತಂದಿತ್ತು. ಅದನ್ನು 2027ರಿಂದ ಅಳವಡಿಸಿಕೊಳ್ಳಲು ಸೆಂಟ್ರಲ್ 2025ರಲ್ಲಿ ತೀರ್ಮಾನಿಸಿತು.

ಚರ್ಚೆಗಳು ಮುಗಿದಿಲ್ಲ. 2007ರಿಂದ ಪ್ರತಿ ಲೀಗ್‌ನ ಮೊದಲ ಮೂರು ತಂಡಗಳು 'ಕ್ಲೈಮ್ಯಾಕ್ಸ್ ಸರಣಿ' ಆಡಿ, ಅದರ ವಿಜೇತರು ಜಪಾನ್ ಸರಣಿಗೆ ಬರುತ್ತಾರೆ. ಹೀಗಾಗಿ 2024ರಲ್ಲಿ ಸೆಂಟ್ರಲ್‌ನ ಮೂರನೇ ಸ್ಥಾನದಲ್ಲಿದ್ದ ಯೊಕೊಹಾಮಾದ ಬೇಸ್ಟಾರ್ಸ್ ತಂಡ ಸಾಫ್ಟ್‌ಬ್ಯಾಂಕ್ ತಂಡವನ್ನು 4-2ರಿಂದ ಮಣಿಸಿ ಚಾಂಪಿಯನ್ ಆಯಿತು. ಇಡೀ ವರ್ಷದ ಶ್ರಮಕ್ಕೆ ಏನು ಬೆಲೆ ಎಂಬುದು ಒಂದು ವಾದ. ಕೊನೆಯವರೆಗೂ ಆಸೆ ಉಳಿಯಲಿ ಎಂಬುದು ಇನ್ನೊಂದು.

ಅದಕ್ಕಿಂತ ದೊಡ್ಡ ಸವಾಲು ಸಾಗರದಾಚೆಯದು. 2024ರಲ್ಲಿ ಶೋಹೆ ಒಟಾನಿ ಮತ್ತು ಯೊಶಿನೊಬು ಯಮಾಮೊಟೊ ಆಡುತ್ತಿದ್ದ ಅಮೆರಿಕದ ವರ್ಲ್ಡ್ ಸೀರೀಸ್, ಜಪಾನ್ ಸರಣಿಯ ದಿನಗಳಲ್ಲೇ ನಡೆಯಿತು. ಸಂಜೆ ಜಪಾನ್ ಸರಣಿಯ ಪಂದ್ಯ ನಡೆಯುವ ವೇಳೆಯಲ್ಲೇ ಟಿವಿ ವಾಹಿನಿಯೊಂದು ಅಮೆರಿಕದ ಪಂದ್ಯದ ಮುಖ್ಯಾಂಶಗಳನ್ನು ಬಿತ್ತರಿಸಿತು. ಸಂಘಟಕರು ಸಿಟ್ಟಾಗಿ ಆ ವಾಹಿನಿಯ ವರದಿಗಾರರ ಪಾಸ್ ಹಿಂತೆಗೆದುಕೊಂಡರು. ತನಾಕ ಕೂಡ 2013ರ ಗೆಲುವಿನ ಬೆನ್ನಲ್ಲೇ ನ್ಯೂಯಾರ್ಕ್‌ಗೆ ಹೋದವರೇ. ಯಮಾಮೊಟೊ 2023ರ ಜಪಾನ್ ಸರಣಿಯ ಆರನೇ ಪಂದ್ಯದಲ್ಲಿ ಓರಿಕ್ಸ್ ಪರ 14 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ ಮೇಲೆ ಲಾಸ್ ಏಂಜಲೀಸ್ ಸೇರಿದವರು.

2025ರಲ್ಲಿ ಸಾಫ್ಟ್‌ಬ್ಯಾಂಕ್ 4-1ರಿಂದ ಹನ್ಶಿನ್ ತಂಡವನ್ನು ಸೋಲಿಸಿದ ಎರಡೇ ದಿನಗಳಲ್ಲಿ, ಅದೇ ಯಮಾಮೊಟೊ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯವನ್ನು ಗೆದ್ದು, ಮರುರಾತ್ರಿ ಏಳನೇ ಪಂದ್ಯದ ಕೊನೆಯಲ್ಲೂ ಚೆಂಡು ಹಿಡಿದು ಬಂದು ತಂಡವನ್ನು ಗೆಲ್ಲಿಸಿದರು. ಜಗತ್ತು ಬೆರಗಾಯಿತು. ಆಟಗಾರರು ಎರಡು ದಿನ ಆಟ ನಿಲ್ಲಿಸಿ ಉಳಿಸಿಕೊಂಡ ಸರಣಿಯಲ್ಲಿ, ಸೆಂಡೈ ಜನ 12 ವರ್ಷಗಳ ಹಿಂದೆ ಮಳೆಯಲ್ಲಿ ನೆನೆಯುತ್ತ ನಿಂತು ಕಂಡದ್ದೂ ಅಂಥದ್ದೇ ದೃಶ್ಯವನ್ನು.